ತೊಟ್ಟಿಲು ಗುಂಡಿ ರೈಟ್ರು

ಪುರಸಭೆಯ ಗೇಟಿಗೆ ಕಟ್ಟಿದ ಫ್ಲೆಕ್ಸ್ ಇನ್ನೂ ಅಲ್ಲೇ ಇದೆ. ‘ನಮ್ಮನ್ನಗಲಿದ ಮಳೆನೀರು ತಜ್ಞರಿಗೆ, ಸ್ಥಳೀಯ ಜ್ಞಾನದ ಗಣಿಗೆ ಭಾವಪೂರ್ಣ ಶ್ರದ್ಧಾಂಜಲಿ.’ ಕೆಳಗೆ, ಅಧಿಕಾರಿಗಳು ಮತ್ತು ಸಿಬ್ಬಂದಿ ವರ್ಗ. ಇನಿಷಿಯಲ್ ತಪ್ಪಾಗಿದೆ. ಫೋಟೋ ಕಚೇರಿಯ ಹಿಂಭಾಗದಲ್ಲಿ ತೆಗೆಸಿದ, ಮಳೆನೀರು ಇಂಗಿಸುವ ಮಾದರಿ ಗುಂಡಿಯ ಉದ್ಘಾಟನೆಯ ದಿನ ತೆಗೆದದ್ದು. ಅವತ್ತು ಎಲ್ಲರೂ ಕ್ಯಾಮೆರಾ ನೋಡುತ್ತಿದ್ದಾಗ ಇವರೊಬ್ಬರು ಬಗ್ಗಿ ಗುಂಡಿಯ ಮೂಲೆ ನೋಡುತ್ತಿದ್ದರು. ಉಳಿದವರನ್ನು ಕತ್ತರಿಸಿ ಇವರನ್ನಷ್ಟೇ ಇಟ್ಟಿರುವುದರಿಂದ, ತಮ್ಮ ಶ್ರದ್ಧಾಂಜಲಿಯ ಕೊನೆಯ ಸಾಲನ್ನು ಅನುಮಾನದಿಂದ ಓದುತ್ತಿರುವ ಹಾಗೆ ಕಾಣುತ್ತಾರೆ.

ಇದೇ ಕಚೇರಿ ಹೋದ ವರ್ಷದ ಹಿಂದಿನ ಮಳೆಗಾಲದಲ್ಲಿ ಅವರ ಅರ್ಜಿಯೊಂದನ್ನು ಸಹಿ, ಸೀಲು ಸಮೇತ ತಿರಸ್ಕರಿಸಿತ್ತು. ಇನ್ನು ಮೇಲೆ ಇವರು ಅರ್ಜಿ ಹಿಡಿದುಕೊಂಡು ಬರುವುದಿಲ್ಲ ಎಂಬ ಧೈರ್ಯದ ಮೇಲೆ ಫ್ಲೆಕ್ಸ್ ಕಟ್ಟಿದ್ದಾರೆ ಎಂದು ನನ್ನ ಗುಮಾನಿ. ಊರಿನ ಹೆಸರು ಬರೆಯುವುದಿಲ್ಲ. ಸಕಲೇಶಪುರವೂ ಅಲ್ಲ, ಆಲೂರೂ ಅಲ್ಲ, ಆ ಗುಡ್ಡಗಳ ನಡುವೆ ಎಲ್ಲೋ ಒಂದು ಎಂದಿಟ್ಟುಕೊಳ್ಳಿ. ಅವರ ಹೆಸರನ್ನೂ ಬರೆಯುವುದಿಲ್ಲ. ಫ್ಲೆಕ್ಸಿನಲ್ಲಿ ಬರೆದು ಒಮ್ಮೆ ಕೆಡಿಸಿದ್ದು ಸಾಕು.

ನಾನು ಕಾಲೇಜಿನ ದಿನಗಳಿಂದ ಡೈರಿ ಬರೆಯುತ್ತೇನೆ. ಡೈರಿ ಬರೆಯುವವರ ನೆನಪು ಗಟ್ಟಿ ಎಂದು ಜನ ನಂಬುತ್ತಾರೆ. ನನ್ನ ಅನುಭವ ಬೇರೆ. ಬರೆದಿಟ್ಟದ್ದು ಮಾತ್ರ ನೆನಪಿರುತ್ತದೆ. ಬರೆಯದೆ ಬಿಟ್ಟದ್ದು ಕೆಲವು ವರ್ಷಗಳ ನಂತರ ನಡೆದೇ ಇಲ್ಲ ಎಂದಾಗುತ್ತದೆ. ಆದ್ದರಿಂದ ಇಲ್ಲಿ ಅವರ ಬಾಯಲ್ಲಿ ನಾನು ಇಟ್ಟಿರುವ ಮಾತುಗಳಲ್ಲಿ ಎಷ್ಟು ಅವರವು, ಎಷ್ಟು ನಾನು ತಿದ್ದಿದ್ದು ಎಂದು ಖಚಿತವಾಗಿ ಹೇಳಲಾರೆ. ತಿದ್ದುವ ಚಟ ನನಗಿದೆ. ಅದರಿಂದ ಏನಾಯಿತು ಎಂಬುದನ್ನು ಮುಂದೆ ಹೇಳುತ್ತೇನೆ.

ಎಲ್ಲರೂ ಅವರನ್ನು ರೈಟ್ರು ಎನ್ನುತ್ತಿದ್ದರು. ಯಸಳೂರು ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ಮೂವತ್ತು ಚಿಲ್ಲರೆ ವರ್ಷ ರೈಟರ್ ಆಗಿದ್ದವರು. ಎಸ್ಟೇಟಿನ ರೈಟರ್ ಎಂದರೆ ಬೆಳಿಗ್ಗೆ ಆಳುಗಳ ಲೈನ್ ಮನೆಗಳ ಮುಂದೆ ನಿಂತು ಅವರ ಹಾಜರಿ ಹಾಕಿ, ಯಾರು ಎಲ್ಲಿಗೆ ಎಂದು ಕೆಲಸ ಹಂಚಿ, ಸಂಜೆ ಆದ ಕೆಲಸ ನೋಡಿ ಬರೆದಿಡುವವರು. ಒಂದು ದಿನವೂ ಸುಳ್ಳು ಹಾಜರಿ ಹಾಕಿಲ್ಲ ಎಂಬುದು ಅವರ ಜೀವನದ ಏಕೈಕ ಜಂಬ. ಒಮ್ಮೆ ಸಾಹುಕಾರರ ಅಳಿಯ ಬಂದು, ‘ಇವತ್ತು ನಾನೂ ಕೆಲಸ ನೋಡಿದ್ದೀನಿ, ಬರ್ಕೊಳ್ಳಿ’ ಎಂದರಂತೆ. ಇವರು, ‘ಕೆಲಸಾನೂ ನಿಮ್ಮನ್ನ ನೋಡ್ತಾ ಅಂತ ಕೇಳ್ಕೊಂಡು ಬತ್ತೀನಿ, ಇರಿ’ ಎಂದು ತೋಟದೊಳಗೆ ಹೋದವರು ಅಳಿಯ ಊರಿಗೆ ಹೊರಡುವ ತನಕ ಈಚೆ ಬರಲಿಲ್ಲವಂತೆ.

ನಿವೃತ್ತಿಯಾಗಿ ನಮ್ಮ ಊರಿಗೆ ಬಂದ ಮೇಲೆ ಹಾಜರಿ ಹಾಕಲು ಆಳುಗಳಿರಲಿಲ್ಲ. ಹಾಗಾಗಿ ನೀರಿಗೆ ಹಾಕತೊಡಗಿದರು. ರಸ್ತೆಯಲ್ಲಿ ಮಳೆನೀರು ಹರಿಯುತ್ತಿದ್ದರೆ ಅದನ್ನು ದಾಟಿ ಹೋಗುತ್ತಿರಲಿಲ್ಲ. ನಿಂತು, ‘ಎಲ್ಲಿಂದ ಬಂದೆ, ಎಲ್ಲಿಗೆ ಹೊಂಟೆ, ನಿನ್ನ ಜೊತೆ ಇನ್ನೂ ಯಾರ್ ಯಾರು’ ಎಂದು ವಿಚಾರಿಸುವವರ ಹಾಗೆ ಅದರ ಹಿಂದೆ ಮೇಲಕ್ಕೆ ಹೋಗುತ್ತಿದ್ದರು, ಆಮೇಲೆ ಕೆಳಕ್ಕೆ ಬರುತ್ತಿದ್ದರು. ಅವರ ಕೈಯಲ್ಲಿ ಉದ್ದ ಕೋಲಿನ ಕಪ್ಪು ಕೊಡೆ. ಕೋಲಿನ ಮೇಲೆ ಅರ್ಧ ಅಡಿಗೊಂದರಂತೆ ಚಾಕುವಿನಲ್ಲಿ ಕೆತ್ತಿದ ಗುರುತು. ಹಳ್ಳವೋ ಚರಂಡಿಯೋ ಕಂಡರೆ ಸುರಿಯುವ ಮಳೆಯಲ್ಲೇ ಕೊಡೆ ಮಡಚಿ, ಕೆಳಗಿಳಿಸಿ, ಆಳ ನೋಡಿ, ತಲೆ ಅಲ್ಲಾಡಿಸಿ ಮತ್ತೆ ಬಿಚ್ಚುತ್ತಿದ್ದರು. ಅಷ್ಟರಲ್ಲಿ ಕೊಡೆಯ ಒಳಗೂ ಹೊರಗಿನಷ್ಟೇ ನೀರು. ನೆನೆಯದಿರಲೆಂದು ಕೊಡೆ ಹಿಡಿಯುತ್ತಾರೆ ಎಂಬ ವಿಷಯ ಅವರಿಗೆ ಯಾರೂ ಹೇಳಿದಂತಿರಲಿಲ್ಲ.

ಎಸ್ಟೇಟಿನವರು ಮಳೆಯನ್ನು ಇಂಚು, ಇಂಚಿನ ನೂರರಲ್ಲೊಂದು ಪಾಲಾದ ಸೆಂಟುಗಳಲ್ಲಿ ಅಳೆಯುತ್ತಾರೆ. ಇವರ ಹಿತ್ತಲಿನಲ್ಲೂ ಮಳೆ ಅಳೆಯುವ ಡಬ್ಬಿ ಇತ್ತು. ಬೆಳಿಗ್ಗೆ ಅಳೆದು, ಬಸ್ ಸ್ಟ್ಯಾಂಡಿನ ಕಾಫಿ ಹೋಟೆಲಿಗೆ ಬಂದು ವರದಿ ಒಪ್ಪಿಸುತ್ತಿದ್ದರು. ನಾನು ಕಾಲೇಜಿಗೆ ಹೋಗುವ ಮುಂಚೆ ಅಲ್ಲಿ ಕಾಫಿ ಕುಡಿಯುತ್ತಿದ್ದೆ. ಪರಿಚಯವಾದದ್ದು ಹಾಗೆ.

‘ಎಷ್ಟಾಯ್ತು ರೈಟ್ರೆ?’ ಎಂದು ಹೋಟೆಲಿನವರು ಕೇಳುತ್ತಿದ್ದರು.

‘ಎರಡು ಇಂಚು ಹತ್ತು ಸೆಂಟು.’

‘ನನ್ ಮೊಬೈಲಲ್ಲಿ ಬಿಸಿಲು ಅಂತ ತೋರಿಸ್ತಾ ಐತಲ್ಲ?’

‘ಹಂಗಾದ್ರೆ ಮೊಬೈಲ್ ಹೊರಗಡೆ ಇಡು ಮಾರಾಯ. ಚೆನ್ನಾಗಿ ಒಣಗ್ಲಿ.’

ನಮ್ಮ ಊರಿನ ಮೇಲುಗಡೆ ಒಂದು ಗುಡ್ಡವಿತ್ತು. ಇತ್ತು ಎನ್ನುವುದು ಸರಿ, ಈಗ ಅಲ್ಲಿರುವುದು ಮೆಟ್ಟಿಲು. ಕಾಫಿ ತೋಟವನ್ನು ಕಿತ್ತು, ನೆರಳಿನ ಮರಗಳನ್ನು ಮಾರಿ, ಜೇಸಿಬಿಯಲ್ಲಿ ಗುಡ್ಡವನ್ನು ಕೇಕಿನ ಹಾಗೆ ಕತ್ತರಿಸಿ ಲೇಔಟ್ ಮಾಡಿದರು. ಗುಡ್ಡದ ನೋಟ ಸಿಗುತ್ತದೆ ಎಂದು ಜಾಹೀರಾತು ಹಾಕಿದರು. ಸೈಟು ಕೊಂಡವರು ಕಿಟಕಿ ತೆಗೆದರೆ ಎದುರಿಗೆ ಕಾಣುವುದು ಹಿಂದಿನ ಸೈಟಿನ ಧರೆ, ಅಂದರೆ ನೆಟ್ಟಗೆ ಕಡಿದ ಮಣ್ಣಿನ ಗೋಡೆ. ಅಂಗಳಕ್ಕೆಲ್ಲ ಕಾಂಕ್ರೀಟ್. ಮೊದಲು ತೋಟದಲ್ಲಿ ಇಂಗುತ್ತಿದ್ದ ಮಳೆ ಈಗ ಒಟ್ಟಿಗೇ ಇಳಿದು ಬಸ್ ಸ್ಟ್ಯಾಂಡಿಗೆ ಬರತೊಡಗಿತು. ಚಪ್ಪಲಿ ಅಂಗಡಿಯೊಂದಕ್ಕೆ ನುಗ್ಗಿ, ಎಡಗಾಲಿನವನ್ನು ಒಂದು ಕಡೆಗೂ ಬಲಗಾಲಿನವನ್ನು ಇನ್ನೊಂದು ಕಡೆಗೂ ತೇಲಿಸಿಕೊಂಡು ಹೋದ ಮೇಲೆ ಪುರಸಭೆ ಎಚ್ಚೆತ್ತುಕೊಂಡಿತು. ಇದ್ದ ಹಳೆಯ ನಿಯಮ ಒಂದೇ ಸಾಲಿನದು: ‘ಮಳೆನೀರನ್ನು ಹತ್ತಿರದ ಚರಂಡಿಗೆ ಬಿಡತಕ್ಕದ್ದು.’ ಹತ್ತಿರದ ಚರಂಡಿ ಎಲ್ಲಿದೆ ಎಂಬುದು ನಿಯಮಕ್ಕೂ ಗೊತ್ತಿರಲಿಲ್ಲ, ಚರಂಡಿಗೂ ಗೊತ್ತಿರಲಿಲ್ಲ. ಹೊಸ ಕಟ್ಟಡಗಳಿಗೆ ಹೊಸ ನಿಯಮ ಮಾಡಬೇಕೆಂದಾಯಿತು.

ಇಂಜಿನಿಯರ್ ಸಾಹೇಬರು ಬಯಲುಸೀಮೆಯ ಯಾವುದೋ ದೊಡ್ಡ ನಗರದ ಇಂಗ್ಲಿಷ್ ನಿಯಮಾವಳಿ ತರಿಸಿ, ನಗರದ ಹೆಸರಿದ್ದಲ್ಲಿ ನಮ್ಮ ಊರಿನ ಹೆಸರು ಹಾಕಿಸಿದರು. ಹೊಸ ನಿಯಮದ ಮುಕ್ಕಾಲು ಪಾಲು ಕೆಲಸ ಆ ಮಧ್ಯಾಹ್ನವೇ ಮುಗಿಯಿತು. ಅದನ್ನು ‘ಸರಳ ಕನ್ನಡ’ಕ್ಕೆ ತರಲು ಕಾಲೇಜಿನಿಂದ ನನ್ನನ್ನು ಕರೆಸಿದರು. ನಾನು ರಾಜ್ಯಶಾಸ್ತ್ರದ ಅತಿಥಿ ಉಪನ್ಯಾಸಕಿ. ಈ ಅತಿಥಿಯನ್ನು ಪ್ರತಿ ವರ್ಷ ಹೊಸದಾಗಿ ಆಹ್ವಾನಿಸಬೇಕು, ಆಹ್ವಾನ ಬರದಿದ್ದರೆ ಮನೆಯಲ್ಲಿರಬೇಕು. ಕರೆದಾಗ ಇಲ್ಲ ಎನ್ನುವ ಅಭ್ಯಾಸ ನಮ್ಮಂಥವರಿಗೆ ಇರುವುದಿಲ್ಲ. ಕರಡಿನಲ್ಲಿ ಮೆಟ್ರೋ ಮಾರ್ಗದ ಪಕ್ಕದ ನಿವೇಶನಗಳಿಗೆ ಒಂದು ಪ್ರತ್ಯೇಕ ಷರತ್ತಿತ್ತು. ನಮ್ಮಲ್ಲಿ ಬಸ್ಸೇ ಸರಿಯಾಗಿ ನಿಲ್ಲುವುದಿಲ್ಲ ಎಂದು ತೋರಿಸಿದೆ. ‘ಇರ್ಲಿ ಬಿಡಿ ಮೇಡಂ, ಮುಂದೆ ಬರಬಹುದು’ ಎಂದರು. ಈಗಲೂ ಇದೆ.

ಸಾರ್ವಜನಿಕರ ಆಕ್ಷೇಪಣೆ, ಸಲಹೆ ಕೇಳಲು ಸಭೆ ಕರೆದರು. ಬಂದವರು ಏಳು ಜನ. ಅದರಲ್ಲಿ ಇಬ್ಬರು ನಲ್ಲಿ ಸಂಪರ್ಕಕ್ಕೆ ಅರ್ಜಿ ಕೊಡಲು ಬಂದು ಕುರ್ಚಿ ಕಂಡು ಕೂತವರು. ಇನ್ನೊಬ್ಬರು ಸರೋಜಕ್ಕ. ಆ ಗುಡ್ಡದ ಬುಡದಲ್ಲಿ ಮನೆ, ಅಕ್ಕಿರೊಟ್ಟಿ ಮಾಡಿ ಎರಡು ಹೋಟೆಲಿಗೆ ಕೊಡುವವರು. ಅಡಿಗೆಮನೆ ಧರೆಯ ಕಡೆಗೇ ಇತ್ತು. ಚರಂಡಿ ನಾರುತ್ತದೆ ಎಂದು ಹೇಳಲು ಬಂದಿದ್ದರು. ಅದು ಸಭೆಯ ವಿಷಯವಲ್ಲ ಎಂದು ಅವರನ್ನು ಕೂರಿಸಲಾಯಿತು. ಆಗ ರೈಟ್ರು ಎದ್ದರು.

‘ನೀರು ಓಡಕ್ಕೆ ಬಿಡಬಾರ್ದು ಸಾರ್’ ಎಂದರು. ‘ಎಸ್ಟೇಟಲ್ಲಿ ಗಿಡದ ಸಾಲಿನ ಮಧ್ಯೆ ತೊಟ್ಟಿಲು ಗುಂಡಿ ಅಂತ ತೆಗೀತೀವಿ. ಉದ್ದ ನಾಕಡಿ, ಅಗಲ ಒಂದಡಿ, ಆಳ ಒಂದೂವರೆ. ಇಳಿಜಾರಿಗೆ ಅಡ್ಡ. ಮಳೆನೀರು ಬಂದು ಅದ್ರಲ್ಲಿ ಮಲಗ್ತದೆ, ನಿಧಾನಕ್ಕೆ ಇಂಗ್ತದೆ. ಮಗು ಮಲಗಿದಂಗೆ.’

ಅವತ್ತಿನ ನನ್ನ ಟಿಪ್ಪಣಿ ಈಗ ಎದುರಿಗಿದೆ. ‘ತೊಟ್ಟಿಲು ಗುಂಡಿ. ಪ್ರತಿ ನಿವೇಶನಕ್ಕೂ. ಮಗುವಿನ ಹೋಲಿಕೆ ಚೆನ್ನಾಗಿದೆ.’ ಅಷ್ಟೇ. ಆಮೇಲೂ ಅವರು ಏನೋ ಹೇಳುತ್ತಿದ್ದರು. ನಾನು ಆ ಹೊತ್ತಿಗಾಗಲೇ ತಲೆಯಲ್ಲಿ ವಾಕ್ಯ ಕಟ್ಟುತ್ತಿದ್ದೆ.

ಷರತ್ತು ಹೀಗೆ ಬಂತು: ‘ಪ್ರತಿ ಹೊಸ ನಿವೇಶನದ ಕೆಳ ಅಂಚಿನಲ್ಲಿ, ಇಳಿಜಾರಿಗೆ ಅಡ್ಡಲಾಗಿ, ತೊಟ್ಟಿಲು ಗುಂಡಿಗಳನ್ನು ನಿರ್ಮಿಸತಕ್ಕದ್ದು.’ ಇಡೀ ನಿಯಮಾವಳಿಯಲ್ಲಿ ಈ ಊರಿನಲ್ಲೇ ಹುಟ್ಟಿದ ಒಂದೇ ವಾಕ್ಯ. ಎರಡು ಸಲ ಗಟ್ಟಿಯಾಗಿ ಓದಿಕೊಂಡೆ. ಲಯ ಚೆನ್ನಾಗಿತ್ತು. ಇಂಜಿನಿಯರಿಗೂ ಖುಷಿಯಾಯಿತು. ಸ್ಥಳೀಯ ಜ್ಞಾನ ಎಂದು ಮೇಲಿನವರಿಗೆ ವರದಿ ಹೋಯಿತು, ಪತ್ರಿಕೆಯಲ್ಲಿ ಬಂತು. ಕಚೇರಿಯ ಹಿಂದೆ ಮಾದರಿ ಗುಂಡಿಯೊಂದನ್ನು ತೆಗೆಸಿ, ಒಳಗೆಲ್ಲ ನೀಲಿ ಟೈಲ್ಸ್ ಹಾಕಿಸಿದರು.

‘ಟೈಲ್ಸ್ ಯಾಕೆ ಸಾರ್?’ ಎಂದು ಉದ್ಘಾಟನೆಯ ದಿನ ರೈಟ್ರು ಕೇಳಿದರು.

‘ನೀಟಾಗಿ ಕಾಣ್ಲಿ ಅಂತ ರೈಟ್ರೆ.’

‘ನೀರು ಎಲ್ಲಿ ಇಂಗ್ಬೇಕು?’

‘ಇದು ಮಾದರಿ ಅಷ್ಟೇ. ಇಂಗೋದೆಲ್ಲ ಅಲ್ಲಿ’ ಎಂದು ಇಂಜಿನಿಯರ್ ಗುಡ್ಡದ ಕಡೆ ಕೈ ತೋರಿಸಿದರು. ಮುಂದಿನ ತಿಂಗಳು ಮಾದರಿ ಗುಂಡಿಯಲ್ಲಿ ನಿಂತ ನೀರಿನಲ್ಲಿ ಸೊಳ್ಳೆ ಹುಟ್ಟಿ, ಆರೋಗ್ಯ ವಿಭಾಗದ ಟೇಬಲ್ಲು ಪಕ್ಕದ ಇಂಜಿನಿಯರಿಂಗ್ ಟೇಬಲ್ಲಿಗೆ ನೋಟಿಸ್ ಕೊಟ್ಟಿತು.

ಇಷ್ಟರವರೆಗೆ ಇದು ಊರಿನ ಹಿರಿಯರ ಮಾತನ್ನು ಒಮ್ಮೆಯಾದರೂ ಕೇಳಿದ ಕಚೇರಿಯ ಕಥೆ. ಇಲ್ಲಿಗೇ ನಿಂತಿದ್ದರೆ ನಾನೂ ಫ್ಲೆಕ್ಸಿನ ಧಾಟಿಯಲ್ಲೇ ಬರೆಯುತ್ತಿದ್ದೆನೇನೋ.

ಮರುವರ್ಷ, ಗುಡ್ಡದ ಹೊಸ ಮನೆಗಳಿಗೆ ಗುಂಡಿ ಬಂದ ಮೇಲಿನ ಆಗಸ್ಟಿನಲ್ಲಿ, ಒಂದು ವಾರ ಬಿಡದೆ ಸುರಿಯಿತು. ಒಂದು ಬೆಳಿಗ್ಗೆ ಸರೋಜಕ್ಕ ರೊಟ್ಟಿ ಕೊಡಲು ಹೋಟೆಲಿಗೆ ಹೋಗಿದ್ದಾಗ, ಅವರ ಮನೆಯ ಹಿಂದಿನ ಧರೆ ಜಾರಿ ಅಡಿಗೆಮನೆಯ ಮೇಲೆ ಬಂತು. ಗೋಡೆ, ಒಲೆ, ರೊಟ್ಟಿ ಕಾವಲಿ ಎಲ್ಲ ಮಣ್ಣಿನೊಳಗೆ. ಹತ್ತು ನಿಮಿಷ ಮುಂಚೆ ಅವರು ಅಲ್ಲೇ ಕೂತಿದ್ದರು. ನಾನು ಹೋಗುವ ಹೊತ್ತಿಗೆ ರೈಟ್ರು ಬಂದು, ಸುತ್ತು ಬಳಸಿ ಧರೆಯ ತಲೆಗೆ ಹತ್ತಿದ್ದರು. ಅಲ್ಲಿ ಹೊಸ ಮನೆಯ ಅಂಚಿನಲ್ಲಿ ತೊಟ್ಟಿಲು ಗುಂಡಿ. ಉದ್ದ ನಾಲ್ಕಡಿ, ಅಗಲ ಒಂದಡಿ. ಅದರ ತಳ ಸೀಳಿತ್ತು. ಕೊಡೆ ಮಡಚಿ ಸೀಳಿನೊಳಗೆ ಇಳಿಸಿದರು. ಕೆತ್ತಿದ ಗುರುತುಗಳೆಲ್ಲ ಒಂದೊಂದಾಗಿ ಒಳಗೆ ಹೋಗಿ ಹಿಡಿ ಮಾತ್ರ ಕೈಯಲ್ಲಿ ಉಳಿಯಿತು.

ಕೆಳಗೆ ಬಂದವರು ಸರೋಜಕ್ಕನ ಮುಂದೆ ನಿಂತು, ‘ಇದು ನಂದೇ ಕಣಮ್ಮ’ ಎಂದರು.

‘ನಿಮ್ದಾದ್ರೆ ಎತ್ಕೊಂಡೋಗಿ ರೈಟ್ರೆ’ ಎಂದರು ಸರೋಜಕ್ಕ. ‘ಅಡಿಗೆಮನೆ ತುಂಬ ಐತೆ.’

ಅವರು ಅಕ್ಷರಶಃ ಹಾಗೇ ಮಾಡಿದರು. ಮೂರು ದಿನ ಬುಟ್ಟಿಯಲ್ಲಿ ಮಣ್ಣು ಹೊತ್ತರು. ಆ ವಯಸ್ಸಿಗೆ ಬುಟ್ಟಿಗಿಂತ ಕೆಮ್ಮೇ ಹೆಚ್ಚು ಭಾರವಿತ್ತು. ನಡುವೆ ನನಗೆ ವಿವರಿಸಿದರು: ‘ತೋಟದಲ್ಲಿ ಮರದ ಬೇರು, ಗಿಡದ ಬೇರು ಮಣ್ಣು ಹಿಡ್ಕೊಂಡಿರ್ತವೆ ಮೇಡಂ. ನೀರು ಕುಡುದ್ರೂ ಮಣ್ಣು ಜಾರಲ್ಲ. ಇಲ್ಲಿ ಬೇರೂ ಇಲ್ಲ, ಬುಡಾನೂ ಇಲ್ಲ. ಜೇಸಿಬಿಯೋನು ಗುಡ್ಡದ ಕಾಲು ಕಡ್ದ, ನಾನು ತಲೆ ಮೇಲೆ ಬಿಂದಿಗೆ ಇಟ್ಟೆ.’

ಧರೆಯ ಮೇಲೆ ಸಾಲಾಗಿ ಇನ್ನೂ ಎಂಟು ಗುಂಡಿಗಳಿದ್ದವು. ಸರೋಜಕ್ಕನ ಮನೆಯಲ್ಲಿ ಇನ್ನೂ ಎರಡು ಕೋಣೆಗಳು ಉಳಿದಿದ್ದವು. ಅವರು ಬೇರೆಲ್ಲಿಗೂ ಹೋಗುವಂತಿರಲಿಲ್ಲ. ಆಮೇಲೆ ರೈಟ್ರಿಗೆ ಇದ್ದದ್ದು ಇದೊಂದೇ ಕೆಲಸ: ಗುಂಡಿಗಳನ್ನು ಮುಚ್ಚಿಸುವುದು, ತಮ್ಮ ಷರತ್ತನ್ನು ನಿಯಮದಿಂದ ತೆಗೆಸುವುದು.

ಅರ್ಜಿ ಬರೆದರು. ‘ನಾನು ಕೊಟ್ಟ ಸಲಹೆ ಈ ಗುಡ್ಡಕ್ಕೆ ತಪ್ಪು. ದಯವಿಟ್ಟು ತೆಗೆದುಹಾಕಿ.’ ಟಪಾಲು ಟೇಬಲ್ಲಿಗೆ ಕೊಡಲು ಹೋದಾಗ ನಾನೂ ಜೊತೆಗಿದ್ದೆ.

‘ಸಲಹೆನೋ ಆಕ್ಷೇಪಣೆನೋ?’ ಎಂದು ಗುಮಾಸ್ತರು ಕೇಳಿದರು.

‘ಆಕ್ಷೇಪಣೆ.’

‘ಯಾರ ಮೇಲೆ?’

‘ನನ್ನ ಮೇಲೆ.’

ಗುಮಾಸ್ತರು ತಲೆಯೆತ್ತಿ ನೋಡಿದರು. ‘ಅಂಥಾ ಕಾಲಂ ಇಲ್ವಲ್ಲ ರೈಟ್ರೆ. ಅಧಿಕಾರಿ ಮೇಲೆ ಐತೆ, ಪಕ್ಕದ ಮನೆಯೋರ ಮೇಲೆ ಐತೆ.’

‘ಇಲ್ದಿದ್ರೆ ಒಂದು ಎಳೀರಿ. ಮೂವತ್ತು ವರ್ಷ ನಾನೂ ಎಳೆದಿದ್ದೀನಿ, ಏನೂ ಆಗಲ್ಲ.’

ಗುಮಾಸ್ತರು ಸ್ವಲ್ಪ ಯೋಚಿಸಿ, ಡ್ರಾಯರಿನಿಂದ ಸ್ಕೇಲು ತೆಗೆದು, ರಿಜಿಸ್ಟರಿನ ಅಂಚಿನಲ್ಲಿ ಒಂದು ಗೆರೆ ಎಳೆದರು. ಆ ಕಚೇರಿಯಲ್ಲಿ ನಾನು ಕಂಡ ಅತ್ಯಂತ ದೊಡ್ಡ ಆಡಳಿತ ಸುಧಾರಣೆ ಅದು.

ಉತ್ತರ ಬಂತು. ಅದನ್ನು ಪೂರ್ತಿ ಡೈರಿಯಲ್ಲಿ ಬರೆದುಕೊಂಡಿದ್ದೇನೆ, ಆದ್ದರಿಂದ ಇದರ ಮಟ್ಟಿಗೆ ನನ್ನ ನೆನಪನ್ನು ನಂಬಬಹುದು. ‘ಸದರಿ ಷರತ್ತನ್ನು ಅನುಭವಿ ಸ್ಥಳೀಯ ತಜ್ಞರ ಸಲಹೆಯಂತೆ ಸೇರಿಸಲಾಗಿದ್ದು, ತಾಂತ್ರಿಕ ಜ್ಞಾನವಿಲ್ಲದ ಖಾಸಗಿ ವ್ಯಕ್ತಿಯಾದ ತಮ್ಮ ಕೋರಿಕೆಯ ಮೇರೆಗೆ ಅದನ್ನು ಕೈಬಿಡಲು ಅವಕಾಶವಿರುವುದಿಲ್ಲ.’ ಆ ತಜ್ಞರೂ ಇವರೇ, ಈ ಖಾಸಗಿ ವ್ಯಕ್ತಿಯೂ ಇವರೇ. ಹೋಟೆಲಿನಲ್ಲಿ ಓದಿ ಹೇಳಿದಾಗ ಎಲ್ಲರೂ ನಕ್ಕರು. ರೈಟ್ರು ಮಾತ್ರ ಪತ್ರವನ್ನು ಮಡಚಿ ಜೇಬಿಗಿಟ್ಟುಕೊಂಡು, ‘ಆ ತಜ್ಞ ಸಿಕ್ಕಿದ್ರೆ ನಾಕು ಬಿಡ್ತೀನಿ’ ಎಂದರು.

ಆಮೇಲೆ ಮನೆಮನೆಗೆ ಹತ್ತಿದರು. ಗುಂಡಿ ಮುಚ್ಚಿ ಎಂದರೆ ಲೇಔಟಿನವರು ಒಪ್ಪುತ್ತಿರಲಿಲ್ಲ. ಒಪ್ಪಲು ಅವರಿಗೇನೂ ಅಡ್ಡಿಯಿರಲಿಲ್ಲ, ಆದರೆ ಆ ಮಳೆಗೆ ಅರ್ಧ ಹೂಳು ತುಂಬಿದ ಗುಂಡಿಯನ್ನು ಮತ್ತೆ ತೋಡಿ ಫೋಟೋ ಕೊಡದಿದ್ದರೆ ಕಟ್ಟಡ ಪೂರ್ಣಗೊಂಡ ಪತ್ರ ಸಿಗುತ್ತಿರಲಿಲ್ಲ. ಪತ್ರ ಇಲ್ಲದಿದ್ದರೆ ಕರೆಂಟ್ ಇಲ್ಲ. ‘ನೀವೇ ತೋಡಿ ಅಂದ್ರಿ, ನೀವೇ ಮುಚ್ಚಿ ಅಂತೀರಿ, ಏನ್ ರೈಟ್ರೆ, ನಮ್ಮನ್ನ ಆಳು ಅಂದ್ಕಂಡ್ರಾ?’ ಎಂದು ಒಬ್ಬರು ಬೈದೂ ಬಿಟ್ಟರು.

ಸರೋಜಕ್ಕನೇ ದಾರಿ ತೋರಿಸಿದ್ದು. ‘ಅವ್ರಿಗೆ ಬೇಕಿರೋದು ಫೋಟೋ ತಾನೇ? ಕೆಳಗಡೆ ಎಲ್ಲಾರ ಒಂದು ಗುಂಡಿ ತೆಗ್ದು ಎಲ್ರಿಗೂ ಅದನ್ನೇ ತೋರಿಸಿ.’

‘ಸುಳ್ಳು ಹಾಜರಿ ಆಗ್ತದೆ’ ಎಂದರು ರೈಟ್ರು.

‘ಮೂವತ್ತು ವರ್ಷ ಸತ್ಯ ಬರ್ದು ಏನ್ ಕಡಿದು ಕಟ್ಟೆ ಹಾಕಿದ್ರಿ? ನನ್ ಅಡಿಗೆಮನೆ ಹೋಗ್ಬುಡ್ತು. ಸುಳ್ಳಿಂದ ಮಿಕ್ಕಿದ್ದು ಉಳಿಯೋದಾದ್ರೆ ಬರೀರಿ.’

ರೈಟ್ರು ಎರಡು ದಿನ ಹೋಟೆಲಿಗೆ ಬರಲಿಲ್ಲ. ಮೂರನೆಯ ದಿನ ಬಂದು ನನ್ನನ್ನು, ‘ನಿಮ್ ಮೊಬೈಲಲ್ಲಿ ಫೋಟೋ ಚೆನ್ನಾಗಿ ಬರ್ತದಾ ಮೇಡಂ?’ ಎಂದು ಕೇಳಿದರು.

ಸಂತೆ ಮಾಳದ ಹಿಂದೆ, ಸಮತಟ್ಟಾದ ಜಾಗದಲ್ಲಿ, ದೊಡ್ಡ ಹಲಸಿನ ಮರದ ಕೆಳಗೆ ಒಂದು ಗುಂಡಿ ತೆಗೆದೆವು. ಮೇಲಿನ ಲೇಔಟಿನ ಎಂಟು ಮನೆಯವರೂ ಒಂದು ಭಾನುವಾರ ಬಂದು ಸರದಿಯಲ್ಲಿ ಅದರ ಪಕ್ಕ ನಿಂತರು. ಒಬ್ಬರಿಗೆ ಎಡಗಡೆಯಿಂದ, ಒಬ್ಬರಿಗೆ ಬಲಗಡೆಯಿಂದ, ಒಬ್ಬರಿಗೆ ಸ್ವಲ್ಪ ಸೊಪ್ಪು ಹಾಕಿ, ಒಬ್ಬರಿಗೆ ತೆಗೆದು. ನಾನು ಫೋಟೋ ತೆಗೆದೆ. ಸರೋಜಕ್ಕ ರೊಟ್ಟಿ ತಂದಿದ್ದರು. ನೋಡಿದವರು ಮದುವೆ ಮನೆ ಎಂದುಕೊಳ್ಳಬೇಕಿತ್ತು. ಮೂರು ಫೋಟೋಗಳಲ್ಲಿ ಒಂದೇ ಕಂದು ನಾಯಿ ಬಂದುಬಿಟ್ಟಿದೆ ಎಂದು ನನಗೆ ಗೊತ್ತಾದದ್ದು ಎಲ್ಲವನ್ನೂ ಕಚೇರಿಗೆ ಕೊಟ್ಟ ಮೇಲೆ. ಇಂಜಿನಿಯರ್ ಅದನ್ನು ಗಮನಿಸಿದರು. ಲೇಔಟಿನಲ್ಲಿ ಬೀದಿನಾಯಿಗಳ ಹಾವಳಿ ಹೆಚ್ಚಿದೆ ಎಂದು ಆರೋಗ್ಯ ವಿಭಾಗಕ್ಕೆ ಟಿಪ್ಪಣಿ ಕಳಿಸಿದರು. ಎಂಟು ಮನೆಗೂ ಪತ್ರ ಸಿಕ್ಕಿತು. ಅದೇ ವಾರ ಎಂಟು ಗುಂಡಿಗಳೂ ಮುಚ್ಚಿದವು. ಮೇಲಿನ ನೀರನ್ನು ಧರೆಯಿಂದ ಆಚೆಗೆ, ಹಳ್ಳದ ಕಡೆ ತಿರುಗಿಸಲು ರೈಟ್ರು ಕೊಡೆ ಹಿಡಿದು ನಿಂತು ಕಾಲುವೆ ತೆಗೆಸಿದರು. ಮುಂದಿನ ಮಳೆಗಾಲ ಸರೋಜಕ್ಕನ ಉಳಿದ ಎರಡು ಕೋಣೆಗಳು ಅಲುಗಲಿಲ್ಲ. ನಿಯಮ ಪಾಲಿಸದಿರುವುದರಲ್ಲಿ ನಮ್ಮ ಜನಕ್ಕಿರುವ ಪರಿಣತಿ ಒಂದು ಗುಡ್ಡವನ್ನು ಉಳಿಸಿತು ಎಂದು ಆ ಮಳೆಗಾಲ ಮುಗಿದಾಗ ಡೈರಿಯಲ್ಲಿ ಬರೆದು, ನನ್ನ ಜಾಣತನವನ್ನು ನಾನೇ ಮೆಚ್ಚಿಕೊಂಡಿದ್ದೇನೆ.

ಫೋಟೋ ತೆಗೆದ ಆ ಭಾನುವಾರ ವಾಪಸು ಬರುವಾಗ ರೈಟ್ರು ನಗಲಿಲ್ಲ. ‘ಎಂಟು ಸುಳ್ಳು ಹಾಜರಿ’ ಎಂದು ಒಮ್ಮೆ ಹೇಳಿದರು. ಆಗ ನಾನು, ತಿಂಗಳುಗಳಿಂದ ಮುಂದೂಡುತ್ತಿದ್ದ ಪ್ರಶ್ನೆಯನ್ನು ಕೇಳಿದೆ. ಅವತ್ತು ಸಭೆಯಲ್ಲಿ, ಮಗು ಮಲಗಿದ ಹಾಗೆ ಎಂದಾದ ಮೇಲೆ, ನೀವು ಇನ್ನೂ ಏನಾದರೂ ಹೇಳಿದ್ದಿರಾ? ಮರದ ವಿಷಯ? ನಾನು ಬರೆದುಕೊಳ್ಳದೆ ಬಿಟ್ಟೆನಾ?

ಅವರು ಸ್ವಲ್ಪ ದೂರ ನಡೆದು ಹೇಳಿದರು: ‘ಹೇಳಿದ್ನೋ ಇಲ್ವೋ, ನಂಗೂ ನೆಪ್ಪಿಲ್ಲ. ನಂದೇ ಅಂತ ಇಟ್ಕೊಳಿ ಮೇಡಂ. ನಂಗೇನು ಪ್ರಮೋಷನ್ ತಪ್ಪೋಗಲ್ಲ.’

ನನಗೆ ಎಷ್ಟು ಹಾಯೆನಿಸಿತೆಂದರೆ ಅದನ್ನು ಹಾಗೇ ಬರೆದಿಟ್ಟೆ: ‘ಅವರಿಗೂ ನೆನಪಿಲ್ಲ.’ ಬರೆದಿಟ್ಟದ್ದು ನಿಜವಾಯಿತು. ಆದರೆ ಮೂವತ್ತು ವರ್ಷದ ಹಿಂದೆ ‘ಕೆಲಸ ನೋಡಿದ’ ಅಳಿಯನನ್ನು ಮರೆಯದ ಮನುಷ್ಯ ತನ್ನದೇ ಸಲಹೆಯ ಅರ್ಧವನ್ನು ಹೇಗೆ ಮರೆತಾರು ಎಂದು ನಾನು ಕೇಳಿಕೊಳ್ಳಲಿಲ್ಲ.

ಈ ಫೆಬ್ರವರಿಯಲ್ಲಿ, ಕಾಫಿ ಹೂವಿನ ಮಳೆ ಬರುವ ಮುಂಚೆ, ಅವರು ತೀರಿಕೊಂಡರು. ಕೆಮ್ಮು ಎದೆಗೆ ಇಳಿದಿತ್ತು. ಕೊನೆಯ ಸಲ ನೋಡಲು ಹೋದಾಗ ಮಾತಾಡಿದ್ದು ಷರತ್ತಿನ ಬಗ್ಗೆಯೇ. ‘ಇನ್ನೂ ಐತಾ?’ ಎಂದರು. ಇದೆ ಎಂದೆ. ‘ತಜ್ಞ ಬಲೇ ಮೊಂಡ’ ಎಂದರು.

ಏಪ್ರಿಲಿನಲ್ಲಿ ಎರಡು ಸುದ್ದಿ ಒಟ್ಟಿಗೆ ಬಂದವು. ಸರೋಜಕ್ಕನ ಮನೆಯ ಮೇಲೆ, ಧರೆಯ ಇನ್ನೊಂದು ಮಗ್ಗುಲಿಗೆ, ಲೇಔಟಿನ ಎರಡನೆಯ ಹಂತಕ್ಕೆ ಅನುಮತಿ ಸಿಕ್ಕಿದೆ. ಇನ್ನು ಮೇಲೆ ಗುಂಡಿಯ ಫೋಟೋವನ್ನು ಮೊಬೈಲಿನ ಜಿಪಿಎಸ್ ಆ್ಯಪಿನಲ್ಲೇ ತೆಗೆಯಬೇಕು, ಜಾಗ, ದಿನ, ವೇಳೆ ಎಲ್ಲ ಫೋಟೋದ ಮೇಲೇ ಬರುತ್ತದೆ. ಹಲಸಿನ ಮರದ ಕೆಳಗಿನ ಗುಂಡಿ ನಿವೃತ್ತವಾಯಿತು. ಜೂನಿನ ಒಳಗೆ ಷರತ್ತು ಹೋಗದಿದ್ದರೆ ನಿಜವಾದ ಗುಂಡಿಗಳೇ ಬರುತ್ತವೆ, ನಿಜವಾದ ನೀರೂ ನಿಲ್ಲುತ್ತದೆ. ನಾನು ಇಂಜಿನಿಯರನ್ನು ಕಂಡೆ. ‘ಮೇಡಂ, ಅದು ರೈಟ್ರ ಆಸೆ’ ಎಂದರು, ಕಣ್ಣು ತುಂಬಿಕೊಂಡವರ ಹಾಗೆ. ‘ಅವರ ಮಾತನ್ನ ನಾವೇ ತೆಗೆದುಹಾಕಿದ್ರೆ ಜನ ಏನಂದ್ಕೋತಾರೆ? ಗೇಟಲ್ಲಿ ಫ್ಲೆಕ್ಸ್ ಬೇರೆ ಇದೆ.’

ಹೊರಗೆ ಬಂದರೆ ಆ ಫ್ಲೆಕ್ಸಿನ ಕೆಳಗೆ ಸರೋಜಕ್ಕ ನಿಂತಿದ್ದರು, ಖಾಲಿ ರೊಟ್ಟಿ ಡಬ್ಬಿ ಹಿಡಿದುಕೊಂಡು.

‘ಪಾಪ, ಎಷ್ಟು ಬಿಡಿಸಿ ಹೇಳಿದ್ರು ಅವತ್ತು ಸಭೇಲಿ’ ಎಂದರು. ‘ಮರ ಇರೋ ಕಡೆ ಮಾತ್ರ ತೋಡ್ಬೇಕು, ಧರೆ ಹತ್ರ ಬ್ಯಾಡ ಅಂತ. ನಾನು ಅಲ್ಲೇ ಕೂತಿದ್ನಲ್ಲ. ನಮ್ಮನೆ ಮೇಲೆ ಮರಾನೂ ಇಲ್ಲ, ಇರೋದೇ ಧರೆ, ಸದ್ಯ, ನಮ್ ಕಡೆ ಗುಂಡಿ ಬರಲ್ಲ ಅಂತ ಸಮಾಧಾನ ಮಾಡ್ಕಂಡು ಹೋಗಿದ್ದೆ.’

‘ಇದನ್ನ ಅವರಿಗೆ ಹೇಳಿದ್ರಾ?’ ಎಂದು ಕೇಳಿದೆ.

‘ಮಣ್ಣು ಹೊರೋವಾಗಲೇ ಹೇಳ್ದೆ. ನೀವು ಹೇಳಿದ್ರಿ, ಬರ್ಕೊಂಡೋರು ಬುಟ್ಬುಟ್ಟವ್ರೆ, ಹೋಗಿ ಕೇಳಿ ಅಂದೆ. ಅದಕ್ಕವ್ರು, ಸುಮ್ಕಿರಮ್ಮ, ಆ ಮೇಡಮ್ಮಂಗೆ ಇನ್ನೂ ಕೆಲ್ಸ ಖಾಯಂ ಆಗಿಲ್ಲ ಅಂದ್ರು.’

ಮನೆಗೆ ಬಂದು ಟಿಪ್ಪಣಿಯನ್ನು ಮತ್ತೆ ನೋಡಿದೆ. ‘ಮಗುವಿನ ಹೋಲಿಕೆ ಚೆನ್ನಾಗಿದೆ.’ ಅದರ ಕೆಳಗೆ ಎರಡು ಬೆರಳಿನಷ್ಟು ಖಾಲಿ ಜಾಗ. ಸರೋಜಕ್ಕನ ನೆನಪನ್ನು ಅನುಮಾನಿಸಬಹುದು ಎಂದು ಒಂದು ಗಂಟೆ ಪ್ರಯತ್ನಿಸಿದೆ. ಎರಡು ಸಭೆ ಕಲೆಸಿಕೊಂಡಿರಬಹುದು, ಆಮೇಲೆ ಕೇಳಿದ್ದನ್ನು ಮುಂಚೆಯೇ ಕೇಳಿದೆ ಎಂದುಕೊಂಡಿರಬಹುದು. ನೆನಪು ಹೀಗೆಲ್ಲ ಮಾಡುತ್ತದೆ ಎಂಬುದಕ್ಕೆ ನಾನು ಪುಸ್ತಕಗಳನ್ನೇ ಓದಿದ್ದೇನೆ. ಆದರೆ ತನ್ನ ಮನೆಯ ಮೇಲೆ ಗುಂಡಿ ಬರುತ್ತದೋ ಇಲ್ಲವೋ ಎಂದು ಕಿವಿಗೊಟ್ಟು ಕೂತ ಹೆಂಗಸು ಒಂದು ಕಡೆ, ವಾಕ್ಯದ ಲಯ ನೋಡುತ್ತಿದ್ದ ನಾನು ಇನ್ನೊಂದು ಕಡೆ. ಹಾಜರಿ ಯಾರದ್ದು ಹಾಕಬೇಕು ಎಂಬುದರಲ್ಲಿ ರೈಟ್ರಿಗೆ ಅನುಮಾನ ಇರುತ್ತಿರಲಿಲ್ಲ.

ಮಾರನೆಯ ದಿನ ಒಂದು ಪುಟ ಬರೆದೆ. ಸದರಿ ಷರತ್ತು ಸ್ಥಳೀಯ ತಜ್ಞರ ಸಲಹೆ ಅಲ್ಲ. ಮರಗಳಿರುವ ಕಡೆ ಮಾತ್ರ, ಧರೆಯ ಹತ್ತಿರ ಬೇಡ ಎಂದು ಅವರು ಹೇಳಿದ್ದರು. ಆ ಭಾಗವನ್ನು ಕನ್ನಡಕ್ಕೆ ಬರೆದವಳಾದ ನಾನು ಬಿಟ್ಟಿದ್ದೇನೆ. ಸಭೆಯಲ್ಲಿದ್ದ ಸರೋಜಮ್ಮನವರು ಸಾಕ್ಷಿ. ಆದ್ದರಿಂದ ತಜ್ಞರ ಸಲಹೆ ಎಂಬ ಕಾರಣಕ್ಕೆ ಅದನ್ನು ಉಳಿಸಿಕೊಳ್ಳಲು ಬರುವುದಿಲ್ಲ. ಮೊದಲ ಸಲ ಲಯದ ಕಡೆ ನೋಡದೆ ಬರೆದದ್ದರಿಂದ ವಾಕ್ಯಗಳು ಒರಟಾಗಿವೆ. ಮುಂದಿನ ವರ್ಷ ಕಾಲೇಜಿನವರು ಅತಿಥಿಯನ್ನು ಕರೆಯುವಾಗ ಈ ಕಾಗದವನ್ನೂ ನೋಡಬಹುದು. ನೋಡಲಿ.

ಟಪಾಲು ಟೇಬಲ್ಲಿನಲ್ಲಿ ಅದೇ ಗುಮಾಸ್ತರು. ನನ್ನ ಗುರುತು ಹತ್ತಲಿಲ್ಲ.

‘ಸಲಹೆನೋ ಆಕ್ಷೇಪಣೆನೋ?’

‘ಆಕ್ಷೇಪಣೆ.’

‘ಯಾರ ಮೇಲೆ?’

‘ನನ್ನ ಮೇಲೆ.’

ಅವರು ಪೆನ್ನು ಕೆಳಗಿಟ್ಟು, ಕಿಟಕಿಯಾಚೆ ಗೇಟಿನ ಕಡೆ ಒಮ್ಮೆ ನೋಡಿ, ‘ರೈಟ್ರ ಕಡೆಯೋರಾ?’ ಎಂದರು.

ಹೌದು ಎಂದೆ. ಗುಮಾಸ್ತರು ಮತ್ತೇನೂ ಕೇಳದೆ ಡ್ರಾಯರಿನಿಂದ ಸ್ಕೇಲು ತೆಗೆದರು.